ಆಸ್ಟೆರಿಕ್ಸ್ ಮಾಲಿಕೆ: ನಗೆಯ ನೆಲೆಗಳು ಮತ್ತು ಓದುಗರ ಅಭಿರುಚಿ

ಫ್ರಾನ್ಸಿನ 'ಆಸ್ಟೆರಿಕ್ಸ್' ಕಾಮಿಕ್ಸ್ ಮಾಲಿಕೆಯು 1959ರಲ್ಲಿ 'ಪಿಲೋತ್' ವಾರಪತ್ರಿಕೆಯಲ್ಲಿ ಆರಂಭವಾಯಿತು. ಕಥೆ ರೆನೆ ಗೊಸಿನ್ನಿಯವರದು, ಚಿತ್ರ ಆಲ್ಬೇರ್ ಉದೆರ್ಜೊ ಅವರದು. ಕ್ರಿ.ಪೂ. 50ರಲ್ಲಿ ಗಾಲ್ ದೇಶವನ್ನು ಗೆದ್ದ ರೋಮನ್ನರಿಗೆ, ಮಾಂತ್ರಿಕ ಪೇಯದ ಬಲದಿಂದ ಮಣಿಯದೆ ಉಳಿದ ಹಳ್ಳಿಯೊಂದರ ಕಥೆಯಿದು. ಇದರ ಯಾವ ಸಂಪುಟಗಳು ಶ್ರೇಷ್ಠವೆಂಬ ಬಗ್ಗೆ ಓದುಗರಲ್ಲಿ ಒಮ್ಮತವಿಲ್ಲ. ಈ ಭಿನ್ನತೆಯನ್ನು ವೈಯಕ್ತಿಕ ಇಷ್ಟಾನಿಷ್ಟವೆಂದಷ್ಟೇ ಬದಿಗಿರಿಸಲಾಗದು. ಅದರ ಬೇರು ಕೃತಿಯ ರಚನೆಯಲ್ಲಿಯೇ ಇದೆ.

ಇಲ್ಲಿನ ನಗೆಗೆ ಎರಡು ನೆಲೆಗಳಿವೆ. ಮೊದಲನೆಯದು ಚಿತ್ರದ್ದು. ಏಟು ತಿಂದು ಪಾದರಕ್ಷೆ ಬಿಟ್ಟು ಹಾರಿಹೋಗುವ ಸೈನಿಕರು, ಮತ್ತೆ ಮತ್ತೆ ಮುಳುಗುವ ಕಡಲುಗಳ್ಳರ ಹಡಗು, ಕೊನೆಯ ಔತಣ ಇವೆಲ್ಲ ಪುನರಾವರ್ತನೆಯಿಂದಲೇ ಸುಖ ಕೊಡುತ್ತವೆ. ಎರಡನೆಯದು ಮಾತಿನದು. 1976ರ 'ಒಬೆಲಿಕ್ಸ್ ಅಂಡ್ ಕಂಪನಿ'ಯಲ್ಲಿ ರೋಮನ್ನರು ನಿರುಪಯುಕ್ತವಾದ ನಿಲುಗಲ್ಲುಗಳನ್ನು ಏರುಬೆಲೆಗೆ ಕೊಂಡು ಹಳ್ಳಿಯ ನೆಮ್ಮದಿಯನ್ನು ಕೆಡಿಸಲು ಹೊರಡುತ್ತಾರೆ. ಮಾರುಕಟ್ಟೆಯ ಈ ವಿಡಂಬನೆ ಪ್ರೌಢ ಓದುಗನಿಗೆ ದಕ್ಕುತ್ತದೆ. ಬಾಲಕನು ಅದೇ ಪುಟದಲ್ಲಿ ಒಬೆಲಿಕ್ಸನ ಮುಗ್ಧತೆಗೆ ನಗುತ್ತಾನೆ.

1977ರಲ್ಲಿ ಗೊಸಿನ್ನಿ ನಿಧನರಾದ ಮೇಲೆ ಈ ಎರಡು ನೆಲೆಗಳ ಸಮತೋಲ ಬದಲಾಯಿತು. 1980ರಿಂದ ಉದೆರ್ಜೊ ಅವರೇ ಕಥೆಯನ್ನೂ ಬರೆದರು. ಅದ್ಭುತದ ಅಂಶ ಹೆಚ್ಚಿತು. 1987ರ ಸಂಪುಟದಲ್ಲಿ ನಾಯಕರು ಹಾರುವ ಚಾಪೆಯೇರಿ ಭಾರತಕ್ಕೆ ಬರುತ್ತಾರೆ. ಹಳ್ಳಿಯವರಿಗೆ ಕರ್ಣಕಠೋರವಾದ ಗಾಯನವೇ ಇಲ್ಲಿ ಮಳೆ ತರಿಸುತ್ತದೆ. ಗಾಯನದಿಂದ ಮಳೆ ತರಿಸಿದ ಐತಿಹ್ಯಗಳನ್ನು ಬಲ್ಲ ಭಾರತೀಯ ಓದುಗನಿಗೆ ಈ ನಗೆಗೆ ಮತ್ತೊಂದು ಅರ್ಥವಿದೆ. ಆದರೆ 2005ರ ಸಂಪುಟದಲ್ಲಿ ಅನ್ಯಗ್ರಹದವರು ಹಳ್ಳಿಗಿಳಿದಾಗ ಅನೇಕ ಓದುಗರು ಒಪ್ಪಲಿಲ್ಲ. ಮಾಂತ್ರಿಕ ಪೇಯವನ್ನು ನಂಬಿದವರು ಆಕಾಶನೌಕೆಯನ್ನು ಏಕೆ ನಂಬಲಿಲ್ಲ? ಪೇಯವು ಕಥಾಲೋಕದ ಒಳಗಿನ ನಿಯಮ. ನೌಕೆ ಆ ಲೋಕವನ್ನೇ ಒಡೆಯುತ್ತದೆ. ಅದ್ಭುತಕ್ಕೂ ಔಚಿತ್ಯದ ಮೇರೆಯಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಅನುವಾದವೂ ಅಭಿರುಚಿಯನ್ನು ರೂಪಿಸುತ್ತದೆ. ಫ್ರೆಂಚಿನಲ್ಲಿ 'ಇದೇಫಿಕ್ಸ್' ಎಂಬ ನಾಯಿಯ ಹೆಸರು ಬಿಡದೆ ಹಿಡಿದ ಒಂದೇ ಯೋಚನೆಯನ್ನು ಧ್ವನಿಸುತ್ತದೆ. ಆಂಥಿಯ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅವರ ಇಂಗ್ಲಿಷ್ ಅನುವಾದದಲ್ಲಿ ಅದು 'ಡಾಗ್ಮ್ಯಾಟಿಕ್ಸ್' ಆಯಿತು. ಹಟಮಾರಿತನದ ಧ್ವನಿ ಉಳಿದು, ನಾಯಿಯೂ ಹೆಸರಿನೊಳಗೆ ಸೇರಿತು. ಇಂಗ್ಲಿಷಿನಲ್ಲಿ ಓದಿದವರು ಮೆಚ್ಚುವ ಶ್ಲೇಷೆಗಳಲ್ಲಿ ಹಲವು ಅನುವಾದಕರ ಸೃಷ್ಟಿಯೇ ಆಗಿವೆ.

ಆದ್ದರಿಂದ ಓದುಗರನ್ನು ಉತ್ತಮ, ಸಾಮಾನ್ಯ ಎಂದು ವಿಂಗಡಿಸುವುದಕ್ಕಿಂತ, ಯಾರು ಕೃತಿಯ ಯಾವ ಬಾಗಿಲಿನಿಂದ ಒಳಹೊಕ್ಕರು ಎಂದು ಕೇಳುವುದು ಹಾಸ್ಯಸಾಹಿತ್ಯದ ಅಧ್ಯಯನಕ್ಕೆ ಹೆಚ್ಚು ಫಲಕಾರಿ. ಅಭಿರುಚಿಯ ಭಿನ್ನತೆಯು ಕೃತಿಯ ಪದರಗಳನ್ನು ತೋರುವ ಸಾಕ್ಷ್ಯವೂ ಹೌದು.