ಅಪ್ಪ, ಅಂಬಾಸಿಡರ್ ಮತ್ತು ಒಂದು ಭಾನುವಾರ

ತೊಂಡೇಬಾವಿಯ ನಮ್ಮನೆ ಹಿತ್ತಲಲ್ಲಿ ಒಂದು ಅಂಬಾಸಿಡರ್ ಕಾರು ನಿಂತಿದೆ. ನಿಂತಿದೆ ಅಂದ್ರೆ ನಿಜವಾಗ್ಲೂ ನಿಂತೇ ಇದೆ, 2016ರಿಂದ. ಮೇಲೆ ನೀಲಿ ಟಾರ್ಪಾಲು, ಚಕ್ರದಡಿ ಇಟ್ಟಿಗೆ, ಹಿಂದಿನ ಸೀಟಲ್ಲಿ ವರ್ಷಕ್ಕೊಂದು ಸಲ ಮರಿ ಹಾಕೋ ಬೆಕ್ಕು.

1986ರ ಮಾಡೆಲ್, ಡೀಸೆಲ್. ಅಪ್ಪ ಇದನ್ನ ಬಾಡಿಗೆಗೆ ಓಡಿಸಿಯೇ ನನ್ನನ್ನೂ ತಂಗಿಯನ್ನೂ ಓದಿಸಿದ್ದು. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರು, ವಿದುರಾಶ್ವತ್ಥಕ್ಕೆ ನಾಗರಕಲ್ಲು ಪ್ರತಿಷ್ಠೆಗೆ ಹೊರಟವರು, ಮಧ್ಯರಾತ್ರಿ ಗೌರಿಬಿದನೂರು ಆಸ್ಪತ್ರೆಗೆ ಹೆರಿಗೆ ನೋವಿನವರು, ಎಲ್ಲರನ್ನೂ ಹೊತ್ತ ಗಾಡಿ. ನನಗೆ ಬೆಂಗಳೂರಲ್ಲಿ ಕೆಲಸ ಸಿಕ್ಕ ವರ್ಷ ಅಪ್ಪ ಕೀಲಿಯನ್ನ ದೇವರ ಗೂಡಲ್ಲಿಟ್ಟು, 'ಸಾಕು' ಅಂದ್ರು.

ಈ ವರ್ಷ ತಂಗಿ ಮದುವೆ. ಹಿತ್ತಲಲ್ಲಿ ಚಪ್ಪರ ಹಾಕಬೇಕು, ಗಾಡಿ ಅಡ್ಡ. ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ರೇಟು ಹೇಳಿ ಹೋದ. 'ಕೊಟ್ಬಿಡಿ, ಜಾಗನಾದ್ರೂ ಆಗ್ಲಿ' ಅಂತ ಅಮ್ಮ. ನನ್ನ ಪ್ಲಾನೇ ಬೇರೆ. ರೀಲ್ಸ್ ನೋಡಿ ನೋಡಿ ತಲೆಯಲ್ಲಿ ಒಂದು ಗಾಡಿ ಕಟ್ಟಿದ್ದೆ: ಮ್ಯಾಟ್ ಬ್ಲ್ಯಾಕ್ ಪೇಂಟು, ದೊಡ್ಡ ಅಲಾಯ್ ವ್ಹೀಲು, ಹಳೇ ಇಂಜಿನ್ ಕಿತ್ತು ಎಲೆಕ್ಟ್ರಿಕ್ ಮೋಟರ್. ಲ್ಯಾಪ್‌ಟಾಪಲ್ಲಿ ಅಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿ, 'ನಿನ್ ಗಾಡಿ, ಏನಾದ್ರೂ ಮಾಡ್ಕೊಳಪ್ಪ' ಅಂದ್ರು. ನಮ್ಮನೇಲಿ ಈ ಮಾತಿಗೆ 'ಬೇಡ' ಅಂತ ಅರ್ಥ.

ಮದ್ದೂರು ವಡೆ ಇಲ್ಲದ ದಾರಿ

ಹಳೇ ಕಾರುಗಳನ್ನ ಒಟ್ಟಿಗೇ ನೋಡಿದ್ರೆ ಅಪ್ಪನ ಮನಸ್ಸು ಬದಲಾಗಬಹುದು ಅಂದ್ಕೊಂಡು ಒಂದು ಭಾನುವಾರ ನಸುಕಲ್ಲೇ ನನ್ನ ಕಾರಲ್ಲಿ ಹೊರಟ್ವಿ. ಹೋಗಿದ್ದು ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದಲ್ಲಿರೋ 'ಪಯಣ' ಕಾರು ಮ್ಯೂಸಿಯಂಗೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ವರ್ಷಗಟ್ಟಲೆ ಕೂಡಿಸಿದ ಹಳೇ ವಾಹನಗಳು ಅಲ್ಲಿವೆ. ದೊಡ್ಡಬಳ್ಳಾಪುರ, ಯಲಹಂಕ ದಾಟಿ, ಬೆಂಗಳೂರನ್ನ ಸುತ್ತಿಕೊಂಡು, 2023ರ ಮಾರ್ಚಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಹಿಡಿದ್ವಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲಾ ಬೈಪಾಸಲ್ಲೇ ಕಳೆದುಹೋದ್ವು. 'ಮದ್ದೂರು ವಡೆ ತಿನ್ನದೆ ಮೈಸೂರು ಕಡೆ ಹೋಗ್ತಿರೋದು ಇದೇ ಫಸ್ಟು' ಅಂತ ಅಪ್ಪ ಗೊಣಗಿದ್ರು.

ತಿಂಡಿಗೆ ನಿಲ್ಲಿಸಿದಾಗ ಫೋನಲ್ಲಿ ಒಂದು ವಿಡಿಯೋ ತೋರಿಸಿದೆ. ಇಂಗ್ಲೆಂಡಿನಲ್ಲಿ ಪ್ರತಿ ನವೆಂಬರ್ ತಿಂಗಳು ಲಂಡನ್ನಿನಿಂದ ಬ್ರೈಟನ್ ಅನ್ನೋ ಸಮುದ್ರತೀರದ ಊರಿಗೆ ಹಳೇ ಕಾರುಗಳ ಮೆರವಣಿಗೆ ಹೋಗುತ್ತೆ. 1905ಕ್ಕಿಂತ ಮುಂಚೆ ತಯಾರಾದ ಗಾಡಿಗಳಿಗಷ್ಟೇ ಪ್ರವೇಶ. ಸುಮಾರು 60 ಮೈಲಿ ದಾರಿ. ಮೋಟಾರು ಗಾಡಿಯ ಮುಂದೆ ಒಬ್ಬ ನಡೆದುಕೊಂಡು ಹೋಗಬೇಕು ಅನ್ನೋ ಕಾನೂನು 1896ರಲ್ಲಿ ಹೋದಾಗ, ಆ ಖುಷಿಗೆ ಶುರುವಾದ ಓಟ ಇದು. ನಾನು ಕಾರುಗಳ ಅಂದ ನೋಡ್ತಿದ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ಅಷ್ಟು ದೂರ ಓಡಿಸ್ಕೊಂಡೇ ಹೋಗ್ತಾರಾ? ಲಾರಿ ಮೇಲೆ ಹೇರ್ಕೊಂಡಲ್ಲ?'

'ಓಡಿಸ್ಕೊಂಡೇ ಅಪ್ಪಾ.'

'ಹಂಗಾದ್ರೆ ಸರಿ' ಅಂತ ಕಾಫಿ ಮುಗಿಸಿದ್ರು.

ಮ್ಯೂಸಿಯಂ ಒಳಗೆ ನಾನು ಫೋಟೋ ಮೇಲೆ ಫೋಟೋ ತೆಗೀತಾ ಹೋದೆ. ಕನ್ನಡಿ ಥರ ಹೊಳೆಯೋ ಬಾನೆಟ್ಟು, ಕ್ರೋಮ್ ಬಂಪರು, ಮಡಕೆಯಷ್ಟು ದಪ್ಪ ಹೆಡ್‌ಲೈಟು. ನಮ್ಮಲ್ಲಿ ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕೆ ಮುಂಚಿನವನ್ನ ವಿಂಟೇಜ್, ಆಮೇಲಿನವನ್ನ ಕ್ಲಾಸಿಕ್ ಅಂತಾರೆ ಅಂತ ಅಪ್ಪನಿಗೆ ವಿವರಿಸಲು ತಿರುಗಿದರೆ ಅಪ್ಪ ಪಕ್ಕದಲ್ಲಿಲ್ಲ. ಒಂದು ಕಾರಿನ ಹತ್ತಿರ ಬಗ್ಗಿ, ಇಂಜಿನ್ ಕೆಳಗಿನ ನೆಲ ನೋಡ್ತಿದ್ರು. ಏನಪ್ಪಾ ಅಂದೆ. 'ಒಂದ್ ತೊಟ್ಟು ಆಯಿಲ್ ಬಿದ್ದಿಲ್ಲ ನೋಡು. ಚೆನ್ನಾಗಿ ಇಟ್ಟವ್ರೆ. ಆದ್ರೆ ಇವಕ್ಕೆಲ್ಲ ಡ್ರೈವರ್ ಯಾರಿದ್ರೋ ಏನೋ.'

ಬೋರ್ಡುಗಳಲ್ಲಿ ಮಾಲೀಕರ ಹೆಸರು, ಕಂಪನಿ ಹೆಸರು ಓದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಪಾರ್ಕಿಂಗ್‌ನಲ್ಲಿ ಆಗಿದ್ದು

ಹೊರಗೆ ಬಂದಾಗ ಪಾರ್ಕಿಂಗ್‌ನಲ್ಲಿ ಒಂದು ಬಿಳಿ ಅಂಬಾಸಿಡರ್. ನನ್ನ ವಯಸ್ಸಿನವನೇ ಒಬ್ಬ ಸ್ಟಾರ್ಟ್ ಮಾಡೋಕೆ ಒದ್ದಾಡ್ತಿದ್ದ. ತಾತನ ಗಾಡಿಯಂತೆ, ಡೀಸೆಲ್. ಬರುವಾಗ ಟ್ಯಾಂಕು ಪೂರ್ತಿ ಖಾಲಿಯಾಗಿ, ಕ್ಯಾನಲ್ಲಿ ಡೀಸೆಲ್ ತಂದು ಹಾಕಿ ಹೇಗೋ ಇಲ್ಲೀತನಕ ತಂದಿದ್ದಾನೆ. ಈಗ ಇಂಜಿನ್ ತಿರುಗುತ್ತೆ, ಹತ್ತಲ್ಲ.

ಅಪ್ಪ ಎರಡು ಸಲ ಆ ಸದ್ದು ಕೇಳಿದ್ರು. 'ನಿಲ್ಸಪ್ಪಾ, ಬ್ಯಾಟ್ರಿ ಸತ್ತೋಗುತ್ತೆ. ಏರ್ ತಗೊಂಡಿದೆ.'

ಪಂಚೆ ಎತ್ತಿ ಕಟ್ಟಿ ಬಾನೆಟ್ ಎತ್ತಿದ್ರು. ಡೀಸೆಲ್ ಲೈನಲ್ಲಿ ಗಾಳಿ ಸೇರಿದ್ರೆ ಎಣ್ಣೆ ಮುಂದಕ್ಕೆ ಹೋಗಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋಗಬೇಕು. ಮೊದಲು ನೊರೆ ನೊರೆಯಾಗಿ ಬರುತ್ತೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಬೇಕು. ಇದನ್ನೆಲ್ಲ ಅಪ್ಪ ಕೈಯಲ್ಲಿ ಮಾಡ್ತಾ ಬಾಯಲ್ಲಿ ಆ ಹುಡುಗನಿಗೆ ಹೇಳಿಕೊಟ್ರು. ಹತ್ತು ನಿಮಿಷದಲ್ಲಿ ಗಾಡಿ ಕೆಮ್ಮಿ, ಹೊಗೆ ಬಿಟ್ಟು, ಗಡಗಡ ಅಂತ ಹತ್ತಿಕೊಂಡಿತು. ಅವನ ಹೆಂಡತಿ, ಮಗು ಚಪ್ಪಾಳೆ ತಟ್ಟಿದ್ರು.

ಅವನು ಅಪ್ಪನನ್ನ ಡ್ರೈವರ್ ಸೀಟಲ್ಲಿ ಕೂರಿಸಿದ. ಅಪ್ಪನ ಎಡಗೈ ತಾನಾಗೇ ಸ್ಟೇರಿಂಗ್ ಪಕ್ಕದ ಗೇರ್ ಹಿಡೀತು. ಎಡಗಾಲು ನೆಲದ ಮೇಲಿನ ಗುಂಡಿ ಒತ್ತಿತು, ಹೆಡ್‌ಲೈಟ್ ಡಿಮ್ ಆಯ್ತು. ಅಂಬಾಸಿಡರ್‌ನಲ್ಲಿ ಡಿಪ್ ಸ್ವಿಚ್ ಕಾಲಲ್ಲಿ ಇರುತ್ತೆ ಅನ್ನೋದು, ಆ ಗಾಡೀಲೇ ಬೆಳೆದ ನನಗೆ ಅವತ್ತು ಗೊತ್ತಾಯ್ತು.

ಒಂಬತ್ತು ವರ್ಷ ಸಾಫ್ಟ್‌ವೇರ್ ಬರೆದಿದ್ದೀನಿ. ಹಳೇ ಸಿಸ್ಟಮ್ ಬದಲಾಯಿಸೋಕೆ ಮುಂಚೆ, ಅದು ಗೊತ್ತಿರೋರು ಇರುವಾಗಲೇ ಕೂತು ಎಲ್ಲಾ ಬರೆದಿಟ್ಕೊಳ್ಳಿ ಅಂತ ಜೂನಿಯರ್‌ಗಳಿಗೆ ಪಾಠ ಹೇಳ್ತೀನಿ. ನಮ್ಮನೆ ಹಿತ್ತಲಲ್ಲಿ ಮಾತ್ರ ಮೊದಲು ಇಂಜಿನ್ ಕಿತ್ತು ಬಿಸಾಕೋಕೆ ಹೊರಟಿದ್ದೆ.

ಕಾನೂನು ಏನು ಹೇಳುತ್ತೆ?

ವಾಪಸ್ ಬಂದು ನಿಯಮಗಳನ್ನೂ ಓದಿದೆ. ನನ್ನಂಥ ಆಸೆ ಇರೋರಿಗೆ ಉಪಯೋಗ ಆಗಬಹುದು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಂದ ಬೇರೆಯಾಗೋ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಎಲೆಕ್ಟ್ರಿಕ್ ಮಾಡಿಸಬೇಕಂದ್ರೆ ಅನುಮೋದನೆ ಪಡೆದ ಕಿಟ್ಟೇ ಆಗಬೇಕು, ಆರ್‌ಸಿಯಲ್ಲಿ ನಮೂದಾಗಬೇಕು.

ಇನ್ನೊಂದು ಕಡೆ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಬೇರೆ ನೋಂದಣಿ ತಂದಿದೆ. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಹೆಚ್ಚುಕಡಿಮೆ ಮೂಲದಂತೆಯೇ ಇರಬೇಕು. ನಂಬರ್ ಪ್ಲೇಟಲ್ಲಿ 'ವಿಎ' ಅನ್ನೋ ಗುರುತು ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಡೀಸೆಲ್ ಹಾಕಿಸೋದು, ಇಂಥದ್ದಕ್ಕಷ್ಟೇ.

ನಮ್ಮ ಗಾಡಿಗೆ 50 ತುಂಬೋದು 2036ಕ್ಕೆ. ಅಪ್ಪನಿಗೆ ಆಗ ಎಪ್ಪತ್ತೈದು. ಅಲ್ಲೀತನಕ ಮುಗಿದಿರೋ ಆರ್‌ಸಿ ನವೀಕರಿಸಬೇಕು, ಅದಕ್ಕೆ ಗಾಡಿ ಮೊದಲು ತಪಾಸಣೆಯಲ್ಲಿ ಪಾಸಾಗಬೇಕು. ಖರ್ಚಿದೆ, ಓಡಾಟವಿದೆ. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿದ್ದರಿಂದ ಬಿಡಿಭಾಗ ಹುಡುಕೋದೂ ಒಂದು ಕೆಲಸವೇ.

ಆದ್ರೂ ಗುಜರಿಯವನಿಗೆ ಫೋನ್ ಮಾಡಿ ಬೇಡ ಅಂದೆ. ಚಪ್ಪರಕ್ಕೆ ಜಾಗ ಬೇಕಲ್ಲ, ಕಳೆದ ವಾರ ನಾಲ್ಕು ಜನ ಸೇರಿ ಗಾಡಿಯನ್ನ ಪಕ್ಕದ ಸೈಟಿಗೆ ತಳ್ಳಿದ್ವಿ. ಬೆಕ್ಕಿನ ಸಂಸಾರ ಹುಲ್ಲಿನ ಕೊಟ್ಟಿಗೆಗೆ ಹೋಯ್ತು. ಶನಿವಾರ ಬೆಳಿಗ್ಗೆ ಅಪ್ಪ ಬಾನೆಟ್ ಎತ್ತಿ, ಸ್ಪ್ಯಾನರ್ ನನ್ನ ಕೈಗೆ ಕೊಟ್ರು. ನಾನು ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಫೆಂಡರ್ ಮೇಲಿಟ್ಟೆ.

ಇಂಜಿನ್ ಇನ್ನೂ ಹತ್ತಿಲ್ಲ. ಒಂದು ಸ್ಕ್ರೂವಿನ ತಲೆ ನಾನೇ ತಿರುಚಿ ಹಾಳು ಮಾಡಿದೆ. 'ಪರವಾಗಿಲ್ಲ ಬಿಡು, ನಾನೂ ಫಸ್ಟು ಹಂಗೇ ಮಾಡಿದ್ದೆ' ಅಂದ್ರು ಅಪ್ಪ.