ದಂಡಿನ ಹಳಿಗಳು ಮತ್ತು ಮೈಸೂರಿನ ರೈಲು ವಸ್ತುಸಂಗ್ರಹಾಲಯ: ಬೆಂಗಳೂರು ಪೂರ್ವಭಾಗದ ಸಾರಿಗೆ ಚರಿತ್ರೆಯ ಒಂದು ಓದು

ಶಾಸನ, ವೀರಗಲ್ಲು, ದೇವಾಲಯ, ಕೋಟೆಗಳನ್ನು ಚರಿತ್ರೆಯ ಆಕರಗಳೆಂದು ಗುರುತಿಸುವ ಪರಂಪರೆ ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ನೆಲೆಗೊಂಡಿದೆ. ಯಂತ್ರವೂ ಅಂಥದೇ ಒಂದು ಆಕರವೆಂಬ ತಿಳಿವಳಿಕೆ ಇನ್ನೂ ಅಷ್ಟಾಗಿ ಬೇರೂರಿಲ್ಲ. ಹಳೆಯ ಉಗಿ ಎಂಜಿನ್ನಿನ ಮುಂದೆ ನಿಂತ ನೋಡುಗನಿಗೆ ಅದರ ಗಾತ್ರ, ಕಪ್ಪು ಬಣ್ಣ, ಹಿತ್ತಾಳೆಯ ಹೊಳಪುಗಳು ಮೊದಲು ಕಾಣುತ್ತವೆ. ಆದರೆ ಶಾಸನತಜ್ಞನು ಲಿಪಿಯ ತಿರುವಿನಿಂದ ಕಾಲವನ್ನು ನಿರ್ಣಯಿಸುವಂತೆ, ಗಾಲಿಗಳ ಸಂಖ್ಯೆ ಮತ್ತು ಹಳಿಗಳ ಅಂತರದಿಂದ ಆ ಎಂಜಿನ್ನು ಯಾವ ಆಡಳಿತಕ್ಕೆ ಸೇರಿತ್ತು, ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು ಓದಲು ಸಾಧ್ಯ. ಈ ಓದಿನ ಕ್ರಮವನ್ನು ವಿವರಿಸುವುದು ಮತ್ತು ಅದರ ನೆರವಿನಿಂದ ಬೆಂಗಳೂರಿನ ದಂಡು ಹಾಗೂ ಪೂರ್ವಭಾಗದ ಸಾರಿಗೆ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಒಂದು ಊರು, ಮೂರು ಅಳತೆಯ ಹಳಿಗಳು

೧೮೦೯ರಲ್ಲಿ ಬ್ರಿಟಿಷ್ ಸೈನ್ಯವು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು ಹಲಸೂರಿನ ಸುತ್ತ ನೆಲೆಯೂರಿತು. ಹೀಗೆ ಹುಟ್ಟಿದ ಕಂಟೋನ್‌ಮೆಂಟನ್ನು ಜನ 'ದಂಡು' ಎಂದು ಕರೆದರು. ಕೆಂಪೇಗೌಡನ ಪೇಟೆಯೂ ಈ ದಂಡೂ ಒಂದೇ ಊರಿನ ಎರಡು ಭಾಗಗಳಾದರೂ ಅವುಗಳ ಆಡಳಿತ, ಭಾಷೆ, ಮಾರುಕಟ್ಟೆಗಳು ಬೇರೆಯಾಗಿದ್ದವು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ವಶದಲ್ಲೇ ಉಳಿಯಿತು. ಅದು ಸಂಸ್ಥಾನಕ್ಕೆ ಹಿಂತಿರುಗಿದ್ದು ೧೯೪೭ರಲ್ಲಿ.

ಈ ಇಬ್ಭಾಗವು ರೈಲುಹಳಿಗಳಲ್ಲಿಯೂ ಮೂಡಿದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ೧೮೫೬ರಲ್ಲಿ ಮದರಾಸಿನ ರಾಯಪುರದಿಂದ ವಾಲಾಜಾ ರಸ್ತೆಗೆ ಓಡಿತು. ಮದ್ರಾಸ್ ರೈಲ್ವೆ ಕಂಪನಿಯ ಅದೇ ಮಾರ್ಗದಿಂದ ಜೋಲಾರಪೇಟೆಯಲ್ಲಿ ಕವಲೊಡೆದ ಶಾಖೆಯು ೧೮೬೪ರಲ್ಲಿ ಬೆಂಗಳೂರನ್ನು ಮುಟ್ಟಿತು. ಅದು ಬಂದು ನಿಂತದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. ಸುಮಾರು ೪೦೦ ಮೀಟರ್ ಎತ್ತರದ ಜೋಲಾರಪೇಟೆಯಿಂದ ೯೦೦ ಮೀಟರ್ ಎತ್ತರದ ಬೆಂಗಳೂರಿಗೆ ಏರುವ ಈ ದಾರಿ ಮದರಾಸಿನ ಬಂದರನ್ನೂ ಮೈಸೂರು ಪ್ರಸ್ಥಭೂಮಿಯ ಸೇನಾನೆಲೆಯನ್ನೂ ಬೆಸೆಯಿತು. ಆ ಕಾಲದ ಮೈಸೂರಿನ ಕಮಿಷನರ್ ಬೌರಿಂಗರ ಹೆಸರನ್ನು ಹೊತ್ತ ಬೌರಿಂಗ್‌ಪೇಟೆ ಇಂದಿನ ಬಂಗಾರಪೇಟೆ; ಶಿವಾಜಿನಗರದ ಆಸ್ಪತ್ರೆಯೂ ಅವರ ಹೆಸರನ್ನೇ ಉಳಿಸಿಕೊಂಡಿದೆ.

ಈ ಮಾರ್ಗದ ಹಳಿಗಳ ನಡುವಿನ ಅಂತರ ೧೬೭೬ ಮಿ.ಮೀ., ಅಂದರೆ ಐದೂವರೆ ಅಡಿ. ಇದು ಬ್ರಾಡ್‌ಗೇಜು. ವೆಚ್ಚ ತಗ್ಗಿಸುವ ಸಲುವಾಗಿ ೧೮೭೦ರಲ್ಲಿ ಲಾರ್ಡ್ ಮೇಯೋನ ಸರ್ಕಾರ ಒಂದು ಮೀಟರ್ ಅಂತರದ ಹಳಿಯನ್ನು ಅಂಗೀಕರಿಸಿತು. ೧೮೭೬-೭೮ರ ಭೀಕರ ಕ್ಷಾಮದ ಹಿನ್ನೆಲೆಯಲ್ಲಿ ಕೈಗೊಂಡು ೧೮೮೧-೮೨ರ ಹೊತ್ತಿಗೆ ಮುಗಿದ ಬೆಂಗಳೂರು-ಮೈಸೂರು ಮಾರ್ಗವು ಈ ಮೀಟರ್‌ಗೇಜಿನದು. ೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹಾಕಿದ ಹಳಿಗಳ ಅಂತರ ಇನ್ನೂ ಕಿರಿದು, ಎರಡೂವರೆ ಅಡಿ. ಹೀಗೆ ದಂಡಿಗೆ ಅಗಲದ ಹಳಿ, ಸಂಸ್ಥಾನಕ್ಕೆ ನಡುವಿನ ಹಳಿ, ಬಯಲುಸೀಮೆಯ ಹಳ್ಳಿಗಳಿಗೆ ಕಿರಿದಾದ ಹಳಿ ಎಂಬ ಮೂರು ಮಟ್ಟದ ವ್ಯವಸ್ಥೆ ಬೆಂಗಳೂರಿನ ಸುತ್ತ ರೂಪುಗೊಂಡಿತು. ಒಂದು ಅಳತೆಯ ಗಾಡಿ ಮತ್ತೊಂದರ ಮೇಲೆ ಓಡಲಾರದು. ಮದರಾಸಿನಿಂದ ಬಂದ ಸರಕು ಮೈಸೂರಿಗೆ ಹೋಗಬೇಕಾದರೆ ಅದನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಈ ಇಳಿಸಿ ಏರಿಸುವ ಕೆಲಸಕ್ಕೆ ತಗಲುತ್ತಿದ್ದ ಹೊತ್ತು, ಕೂಲಿ, ನಷ್ಟಗಳೆಲ್ಲ ಕೊನೆಗೆ ಸರಕಿನ ಬೆಲೆಯ ಮೇಲೆ ಬೀಳುತ್ತಿದ್ದವು.

೨. ಮೈಸೂರಿನ ಸಂಗ್ರಹಾಲಯದಲ್ಲಿ ಕಾಣುವುದು

ಈ ವ್ಯವಸ್ಥೆಯ ಭೌತಿಕ ಅವಶೇಷಗಳನ್ನು ನೋಡಬಯಸುವವರು ಮೈಸೂರಿಗೆ ಹೋಗಬೇಕು. ದೆಹಲಿಯ ರೈಲು ವಸ್ತುಸಂಗ್ರಹಾಲಯದ ಬಳಿಕ, ೧೯೭೯ರಲ್ಲಿ, ಭಾರತೀಯ ರೈಲ್ವೆಯು ಕೃಷ್ಣರಾಜಸಾಗರ ರಸ್ತೆಯಲ್ಲಿ ಈ ಸಂಗ್ರಹಾಲಯವನ್ನು ಸ್ಥಾಪಿಸಿತು. ೨೦೨೦ರಲ್ಲಿ ಇದು ನವೀಕರಣಗೊಂಡಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿಯೂ ಒಂದು ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು.

ಮೈಸೂರಿನ ಬಯಲು ಪ್ರದರ್ಶನದಲ್ಲಿ ಹಳೆಯ ಉಗಿ ಎಂಜಿನ್ನುಗಳೂ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರು ಕಾರೂ ಇವೆ. ಶ್ರೀರಂಗ ಮಂಟಪದಲ್ಲಿ ರಾಜಮನೆತನದ ಬೋಗಿಗಳಿವೆ. ಅವುಗಳಲ್ಲಿ ೧೮೯೯ರ ಮಹಾರಾಣಿಯವರ ಸಲೂನು ಅಡುಗೆಮನೆ, ಸ್ನಾನದ ಕೋಣೆಗಳನ್ನು ಒಳಗೊಂಡ ಒಂದು ಚಲಿಸುವ ಅಂತಃಪುರ. ಚಾಮುಂಡಿ ಗ್ಯಾಲರಿಯ ಛಾಯಾಚಿತ್ರ ಮತ್ತು ವರ್ಣಚಿತ್ರಗಳು ರೈಲ್ವೆಯ ಬೆಳವಣಿಗೆಯನ್ನು ತೋರಿಸುತ್ತವೆ.

ಈ ಸಂಗ್ರಹವನ್ನು ಗಮನವಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿನ ಕಥನದ ಕೇಂದ್ರ ಅರಮನೆ ಮತ್ತು ಸಂಸ್ಥಾನದ ಮೀಟರ್‌ಗೇಜು. ಸಂಗ್ರಹಾಲಯವು ಮೈಸೂರಿನಲ್ಲಿರುವುದರಿಂದ ಇದು ಸಹಜವೇ. ಆದರೆ ಸಂಸ್ಥಾನದ ನೆಲಕ್ಕೆ ಮೊದಲ ರೈಲನ್ನು ತಂದ ದಂಡಿನ ಅಗಲದ ಹಳಿಯ ಕಥೆಗೆ ಇಂಥ ನೆಲೆ ದೊರೆತಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ೧೯೬೨ರಲ್ಲಿ ಉದ್ಘಾಟನೆಗೊಂಡ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಉಗಿ ಎಂಜಿನ್ನೊಂದಿದೆ. ಅದು ಅಲ್ಲಿ ವಿಜ್ಞಾನದ ಉದಾಹರಣೆಯಾಗಿ ನಿಂತಿದೆಯೇ ಹೊರತು ಊರಿನ ಚರಿತ್ರೆಯ ಸಾಕ್ಷಿಯಾಗಿ ಅಲ್ಲ.

೩. ಎಂಜಿನ್ನನ್ನು ಓದುವ ಕ್ರಮ

ಸಂಗ್ರಹಾಲಯಕ್ಕೆ ಹೋದವರು ಮೊದಲು ಹಳಿಗಳ ಅಂತರವನ್ನು ಗಮನಿಸಬೇಕು. ದೊಡ್ಡವರ ಒಂದು ಉದ್ದ ಹೆಜ್ಜೆಯಷ್ಟಿದ್ದರೆ ಅದು ಮೀಟರ್‌ಗೇಜು; ಒಂದೇ ಹೆಜ್ಜೆಗೆ ದಾಟಲು ಕಷ್ಟವಾದರೆ ಬ್ರಾಡ್‌ಗೇಜು. ಎರಡನೆಯದಾಗಿ ಗಾಲಿಗಳನ್ನು ಎಣಿಸಬೇಕು. ಮುಂದಿನ ಸಣ್ಣ ಗಾಲಿಗಳು, ನಡುವಿನ ಚಾಲಕ ಗಾಲಿಗಳು, ಹಿಂದಿನ ಸಣ್ಣ ಗಾಲಿಗಳು ಎಂಬ ಕ್ರಮದಲ್ಲಿ ೪-೬-೨, ೨-೮-೨ ಎಂದು ಎಂಜಿನ್ನನ್ನು ವರ್ಗೀಕರಿಸುತ್ತಾರೆ. ಮುಂದಿನ ಗಾಲಿಗಳು ತಿರುವಿನಲ್ಲಿ ದಾರಿ ತೋರುತ್ತವೆ. ಹಿಂದಿನವು ಕುಲುಮೆಯ ಭಾರ ಹೊರುತ್ತವೆ. ಎಳೆಯುವ ಕೆಲಸ ನಡುವಿನವುಗಳದು.

ಮೂರನೆಯದು ಚಾಲಕ ಗಾಲಿಯ ಎತ್ತರ. ಪಿಸ್ಟನ್ ಒಮ್ಮೆ ಹೋಗಿ ಬಂದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಗಾಲಿ ದೊಡ್ಡದಾದಷ್ಟೂ ಒಂದು ಸುತ್ತಿಗೆ ಕ್ರಮಿಸುವ ದೂರ ಹೆಚ್ಚು. ಆದ್ದರಿಂದ ಪ್ರಯಾಣಿಕರ ವೇಗದ ಗಾಡಿಗೆ ಎತ್ತರದ ಗಾಲಿ, ಸರಕು ಗಾಡಿಗೆ ಗಿಡ್ಡನೆಯ, ಸಂಖ್ಯೆಯಲ್ಲಿ ಹೆಚ್ಚಾದ ಗಾಲಿ. ನಾಲ್ಕನೆಯದು ನೀರು ಮತ್ತು ಕಲ್ಲಿದ್ದಲು ಎಲ್ಲಿವೆ ಎಂಬುದು. ಅವು ಎಂಜಿನ್ನಿನ ಮೈಮೇಲೆಯೇ ಇದ್ದರೆ ಅದು ಹತ್ತಿರದ ಓಡಾಟಕ್ಕೆ. ಹಿಂದೆ ಟೆಂಡರ್ ಎಂಬ ಪ್ರತ್ಯೇಕ ಗಾಡಿಯಿದ್ದರೆ ದೂರದ ಪಯಣಕ್ಕೆ.

ಒಳಗಿನ ಕೆಲಸವನ್ನೂ ಸ್ಥೂಲವಾಗಿ ತಿಳಿಯಬೇಕು. ಕುಲುಮೆಯ ಬಿಸಿ ಗಾಳಿ ಬಾಯ್ಲರಿನೊಳಗಿನ ನೂರಾರು ಕೊಳವೆಗಳ ಮೂಲಕ ಹಾಯುತ್ತದೆ. ಕೊಳವೆಗಳ ಸುತ್ತಲಿನ ನೀರು ಉಗಿಯಾಗುತ್ತದೆ. ಆ ಉಗಿ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ, ಬಳಿಕ ಹೊಗೆಕೊಳವೆಯ ಬುಡದಿಂದ ರಭಸವಾಗಿ ಹೊರಚಿಮ್ಮುತ್ತದೆ. ಈ ಚಿಮ್ಮುವಿಕೆಯು ಕುಲುಮೆಯ ಗಾಳಿಯನ್ನು ತನ್ನೊಡನೆ ಸೆಳೆಯುವುದರಿಂದ ಬೆಂಕಿ ಇನ್ನಷ್ಟು ಉರಿಯುತ್ತದೆ. ಎಂಜಿನ್ನು ಹೆಚ್ಚು ದುಡಿದಂತೆಲ್ಲ ತನ್ನ ಬೆಂಕಿಯನ್ನು ತಾನೇ ಹೆಚ್ಚಿಸಿಕೊಳ್ಳುವ ಈ ಏರ್ಪಾಡೇ 'ಚುಕುಬುಕು' ಸದ್ದಿನ ಮೂಲ. ಕುಲುಮೆಯ ನೆತ್ತಿಯಲ್ಲಿ ಸೀಸದಂಥ ಬೇಗ ಕರಗುವ ಲೋಹದ ಒಂದು ಬಿರಡೆ ಇರುತ್ತದೆ. ನೀರಿನ ಮಟ್ಟ ಇಳಿದರೆ ಅದು ಕರಗಿ, ಉಗಿ ಬೆಂಕಿಯ ಮೇಲೆ ಸುರಿದು ಎಚ್ಚರಿಕೆ ನೀಡುತ್ತದೆ. ಬಾಯ್ಲರು ಸಿಡಿದು ಪ್ರಾಣಹಾನಿಯಾಗದಂತೆ ಕಾಯುತ್ತಿದ್ದುದು ಈ ಸಣ್ಣ ಬಿರಡೆ ಹಾಗೂ ನೀರಿನ ಗಾಜುನಳಿಗೆಯ ಮೇಲೆ ಕಣ್ಣಿಟ್ಟ ಚಾಲಕನ ಎಚ್ಚರ.

ಕೊನೆಯದು ಅಕ್ಷರಗಳ ಓದು. ಭಾರತೀಯ ರೈಲ್ವೆಯ ಎಂಜಿನ್ನುಗಳ ವರ್ಗನಾಮದಲ್ಲಿ 'ಡಬ್ಲ್ಯು' ಎಂದರೆ ಬ್ರಾಡ್‌ಗೇಜು, 'ವೈ' ಎಂದರೆ ಮೀಟರ್‌ಗೇಜು, 'ಜಡ್' ಎಂದರೆ ಎರಡೂವರೆ ಅಡಿಯ ಹಳಿ. 'ಪಿ' ಪ್ರಯಾಣಿಕರಿಗೆ, 'ಜಿ' ಸರಕಿಗೆ, 'ಎಂ' ಎರಡಕ್ಕೂ. ಹೀಗಾಗಿ ವೈಪಿ ಎಂಬುದು ಮೀಟರ್‌ಗೇಜಿನ ಪ್ರಯಾಣಿಕ ಎಂಜಿನ್ನು, ಡಬ್ಲ್ಯುಜಿ ಎಂಬುದು ಬ್ರಾಡ್‌ಗೇಜಿನ ಸರಕು ಎಂಜಿನ್ನು. ನಡುವೆ 'ಡಿ' ಬಂದರೆ ಡೀಸೆಲ್, 'ಎ' ಬಂದರೆ ವಿದ್ಯುತ್ತು.

೪. ಕೃಷ್ಣರಾಜಪುರದಿಂದ ವಿಮಾನಪುರದವರೆಗೆ

ಈ ಅಕ್ಷರಮಾಲೆಯನ್ನು ಕಲಿತವರಿಗೆ ಬೆಂಗಳೂರಿನ ಪೂರ್ವಭಾಗವು ಗೋಡೆಗಳಿಲ್ಲದ ಸಂಗ್ರಹಾಲಯವಾಗಿ ತೆರೆದುಕೊಳ್ಳುತ್ತದೆ. ದೇಶದಲ್ಲಿ ಉಗಿ ಎಂಜಿನ್ನುಗಳ ತಯಾರಿಕೆ ೧೯೭೨ಕ್ಕೆ ನಿಂತಿತು. ಅನಂತರದ ಡೀಸೆಲ್ ಯುಗದ ಕೇಂದ್ರವಾಗಿ ಕೃಷ್ಣರಾಜಪುರದಲ್ಲಿ ೧೯೮೦ರ ದಶಕದಲ್ಲಿ ಲೋಕೋ ಶೆಡ್ ಆರಂಭವಾಯಿತು. ಡಬ್ಲ್ಯುಡಿಎಂ-೨ ಎಂಬ, ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಎಂಜಿನ್ನುಗಳು ಇಲ್ಲಿ ಪೋಷಣೆ ಪಡೆದವು. ಡೀಸೆಲ್ಲೂ ಹಿಂದೆ ಸರಿಯುತ್ತಿರುವ ಇಂದು ಅದೇ ಶೆಡ್ಡು ವಿದ್ಯುತ್ ಎಂಜಿನ್ನುಗಳನ್ನೂ ನಿರ್ವಹಿಸುತ್ತಿದೆ. ಉಗಿಯುಗದ ವಸ್ತುಗಳನ್ನು ಉಳಿಸಿಕೊಳ್ಳಲಿಲ್ಲವೆಂದು ಇಂದು ಮರುಗುವ ನಾವು ಡೀಸೆಲ್ ಯುಗದ ವಿಷಯದಲ್ಲಿಯೂ ಅದನ್ನೇ ಮಾಡುತ್ತಿದ್ದೇವೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಕೃಷ್ಣರಾಜಪುರದಿಂದ ದಕ್ಷಿಣಕ್ಕೆ ಬಂದರೆ ಇನ್ನೊಂದು ಅಧ್ಯಾಯ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧ ಮುಗಿದು ವಿಮಾನದ ಕೆಲಸ ಇಳಿಮುಖವಾದಾಗ ಪೂರ್ಣ ಲೋಹದ ರೈಲು ಬೋಗಿಗಳ ತಯಾರಿಕೆಗೆ ಕೈಹಾಕಿತು. ವಿಮಾನದ ತಗಡನ್ನು ಬಾಗಿಸಿ ಬೆಸೆಯುವ ಕೌಶಲ ರೈಲು ಬೋಗಿಗೂ ಒದಗಿಬಂತು. ಪೆರಂಬೂರಿನ ಬೋಗಿ ಕಾರ್ಖಾನೆ ೧೯೫೫ರಲ್ಲಿ ಆರಂಭವಾಗುವ ಮೊದಲೇ ಬೆಂಗಳೂರಿನ ಪೂರ್ವಭಾಗದಲ್ಲಿ ಈ ಕೆಲಸ ನಡೆಯುತ್ತಿತ್ತು. ೧೯೬೪ರಲ್ಲಿ ಬಿಇಎಂಎಲ್ ಸ್ಥಾಪನೆಯಾದಾಗ ಬೋಗಿ ವಿಭಾಗ ಅದಕ್ಕೆ ಸೇರಿತು. ವಿಮಾನಗಳ ಕಥೆಯನ್ನು ಹೇಳಲು ೨೦೦೧ರಲ್ಲಿ ಎಚ್‌ಎಎಲ್ ತನ್ನ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯವನ್ನು ತೆರೆಯಿತು. ಅಲ್ಲಿ ವಿಮಾನದ ಪಕ್ಕದಲ್ಲಿ ನಿಂತು ರೈಲು ಬೋಗಿಯನ್ನು ನೆನೆಯುವವರು ವಿರಳ.

೨೦೧೧ರ ಅಕ್ಟೋಬರ್ ೨೦ರಂದು 'ನಮ್ಮ ಮೆಟ್ರೊ' ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೂಲಕ ಮಹಾತ್ಮ ಗಾಂಧಿ ರಸ್ತೆಗೆ ಓಡಿತು. ಅದರ ಬೋಗಿಗಳನ್ನು ಪೂರೈಸಿದ ಒಕ್ಕೂಟದಲ್ಲಿ ಬಿಇಎಂಎಲ್ ಕೂಡ ಇತ್ತು. ಮೆಟ್ರೊ ಹಳಿಯ ಅಂತರ ೧೪೩೫ ಮಿ.ಮೀ. ೧೯೯೦ರ ದಶಕದಿಂದ ಏಕರೂಪದ ಹಳಿಯ ಯೋಜನೆಯಡಿ ಮೀಟರ್‌ಗೇಜು ಬ್ರಾಡ್‌ಗೇಜಾಗಿ ಪರಿವರ್ತನೆಗೊಂಡು ಹಳೆಯ ಭೇದ ಅಳಿದ ಊರಿನಲ್ಲಿ ನಾಲ್ಕನೆಯ ಅಳತೆಯೊಂದು ಹೀಗೆ ಬಂದು ಸೇರಿತು. ೨೦೨೨ರಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಆರಂಭವಾಯಿತು. ೨೦೨೩ರಲ್ಲಿ ಮೆಟ್ರೊ ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡಿಗೆ ತಲುಪಿತು. ಅಂದು ಸರಕಿನ ಮೂಟೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಇಂದು ಪ್ರಯಾಣಿಕನೇ ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತಾನೆ.

೫. ವಸ್ತುವಿನ ಹಿಂದಿನ ಜನ

ಸಂಗ್ರಹಾಲಯದ ಎಂಜಿನ್ನು ತಣ್ಣಗಿರುತ್ತದೆ. ಅದನ್ನು ಬಿಸಿಯಾಗಿಟ್ಟವರು ಅಲ್ಲಿ ಕಾಣುವುದಿಲ್ಲ. ಗಾಡಿ ಹೊರಡುವ ಎಷ್ಟೋ ತಾಸು ಮೊದಲು ಕುಲುಮೆ ಹೊತ್ತಿಸುವವರು, ಏರುದಾರಿಯುದ್ದಕ್ಕೂ ಕಲ್ಲಿದ್ದಲು ಎಸೆಯುವ ಫೈರ್‌ಮನ್ನರು, ಹಳಿಯ ಗುಂಟ ನಡೆದು ಕೀಲು ಬಿಗಿಯುವ ಗ್ಯಾಂಗ್‌ಮನ್ನರು, ಪಾಯಿಂಟ್ಸ್‌ಮನ್ನರು, ಹಮಾಲರು ಇವರೆಲ್ಲರ ದುಡಿಮೆಯ ಮೇಲೆ ದಂಡಿನ ರೈಲು ಓಡಿತು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳು ಒಟ್ಟಿಗೆ ಬಾಳಿದ ದಂಡಿನ ಬದುಕಿಗೆ ರೈಲ್ವೆಯೂ ಒಂದು ಕಾರಣ. ಮಹಾರಾಣಿಯ ಸಲೂನು ಉಳಿದಿದೆ, ಅದು ಸಂತೋಷದ ಸಂಗತಿ; ಆದರೆ ಫೈರ್‌ಮನ್ನನ ಸಲಿಕೆ, ಗ್ಯಾಂಗ್‌ಮನ್ನನ ಸುತ್ತಿಗೆ, ಅವರ ಕೆಲಸದ ಮಾತುಗಳು ಅಷ್ಟೇ ಜತನದಿಂದ ಉಳಿಯಬೇಕಾದ ಆಕರಗಳು.

ಇಲ್ಲಿ ಕಾಲದ ಒತ್ತಡವೂ ಇದೆ. ಉಗಿ ಎಂಜಿನ್ನಿನ ಮೇಲೆ ತಾರುಣ್ಯ ಕಳೆದವರು ಈಗ ವೃದ್ಧಾಪ್ಯದಲ್ಲಿದ್ದಾರೆ. ಕಬ್ಬಿಣ ತುಕ್ಕು ಹಿಡಿದರೂ ನೂರು ವರ್ಷ ನಿಂತೀತು. ನೆನಪು ಒಂದು ತಲೆಮಾರಿನೊಂದಿಗೆ ಮುಗಿಯುತ್ತದೆ. ದಂಡು ನಿಲ್ದಾಣದ ಪುನರಭಿವೃದ್ಧಿಗೆ ೨೦೨೨ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಹೆಚ್ಚಿರುವ ಪ್ರಯಾಣಿಕರಿಗೆ ಹೊಸ ನಿಲ್ದಾಣ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬದಲಾವಣೆಯ ಇಂಥ ಹೊತ್ತಿನಲ್ಲಿಯೇ ಹಳೆಯ ನಕ್ಷೆ, ದಿನಚರಿ ಪುಸ್ತಕ, ಫಲಕ, ಸಲಕರಣೆಗಳು ಗುಜರಿಯ ಪಾಲಾಗುವುದು.

೬. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಹಳಿಯ ಅಳತೆ ಕೇವಲ ತಾಂತ್ರಿಕ ವಿಷಯವಲ್ಲ. ಬೆಂಗಳೂರಿನಲ್ಲಿ ಅದು ದಂಡು, ಸಂಸ್ಥಾನ, ಗ್ರಾಮಾಂತರಗಳ ನಡುವಿನ ಅಂತರವನ್ನೂ ಸೂಚಿಸುತ್ತಿತ್ತು. ಮೈಸೂರಿನ ಸಂಗ್ರಹಾಲಯವು ಈ ಚರಿತ್ರೆಯ ಒಂದು ಭಾಗವನ್ನು ಸಮರ್ಥವಾಗಿ ಹೇಳುತ್ತದೆ. ಉಳಿದ ಭಾಗ ಬೆಂಗಳೂರಿನ ಪೂರ್ವದಲ್ಲಿ ಚದುರಿಬಿದ್ದಿದೆ. ಆ ಭಾಗವನ್ನು ಹೇಳಲು ಭಾರಿ ಕಟ್ಟಡವೇ ಬೇಕೆಂದಿಲ್ಲ. ಹೊಸ ದಂಡು ನಿಲ್ದಾಣದಲ್ಲಿ ೧೮೬೪ರಿಂದೀಚಿನ ಚರಿತ್ರೆಯನ್ನು ಕನ್ನಡದಲ್ಲಿ ತಿಳಿಸುವ ಒಂದು ಕೋಣೆ, ಕೃಷ್ಣರಾಜಪುರದ ಶೆಡ್ಡಿನಲ್ಲಿ ಜೋಪಾನವಾಗಿರಿಸಿದ ಒಂದು ಡೀಸೆಲ್ ಎಂಜಿನ್ನು, ನಿವೃತ್ತ ಕಾರ್ಮಿಕರ ಮಾತುಗಳ ಧ್ವನಿಮುದ್ರಣ: ಇಷ್ಟರಿಂದಲೇ ಕೆಲಸ ಆರಂಭವಾಗಬಹುದು. ಇವುಗಳಲ್ಲಿ ಮೊದಲು ಆಗಬೇಕಾದುದು ಕೊನೆಯದು. ಕೋಣೆ ಮತ್ತು ಎಂಜಿನ್ನು ಇನ್ನೂ ಕೆಲವು ವರ್ಷ ಕಾಯಬಲ್ಲವು; ಮಾತು ಕಾಯಲಾರದು.