ಕಿವಿಯ ತಿರುವಿನಲ್ಲಿ ನಿಂತ ನೀರು

ಕುಮಾರಪಟ್ಟಣದ ಮಗ್ಗುಲಲ್ಲೇ ತುಂಗಭದ್ರೆ, ಆಚೆ ದಂಡೆಗೆ ಹರಿಹರ. ಬೇಸಿಗೆಯಲ್ಲಿ ಹೊಳೆಗಿಳಿದ ನಾಯಿ ಮೇಲೆ ಬಂದು ಮೈ ಕೊಡವಿದರೆ ನೀರೆಲ್ಲ ಹಾರಿಹೋಯಿತು ಅನ್ನಿಸುತ್ತದೆ. ಮೈಮೇಲಿನದು ಹೋಗುತ್ತದೆ, ಕಿವಿಯೊಳಗಿನ ತೇವ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು, ಆಮೇಲೆ ತಲೆಬುರುಡೆಯ ಕಡೆಗೆ ಅಡ್ಡ ತಿರುಗುತ್ತದೆ. ಕಿವಿತಮಟೆ ಇರುವುದು ಆ ತಿರುವಿನಾಚೆ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ನಂಥ ಜೋಲುಗಿವಿಯವಕ್ಕೆ ಮೇಲೊಂದು ಮುಚ್ಚಳ ಬೇರೆ. ಮಲಸೀಜಿಯಾ ಎಂಬ ಶಿಲೀಂಧ್ರ ಆರೋಗ್ಯವಂತ ನಾಯಿಯ ಕಿವಿಯಲ್ಲೂ ತೆಪ್ಪಗೆ ಇರುತ್ತದೆ. ಬಿಸಿಯೂ ತೇವವೂ ಕೂಡಿದರೆ ಮಿತಿಮೀರಿ ಬೆಳೆಯುತ್ತದೆ. ಒಣಗದೆ ಚೀಲ ಸೇರಿದ ಮೆಣಸಿನಕಾಯಿಗೆ ಬೂಷ್ಟು ಹಿಡಿಯುವ ಬಗೆಯನ್ನು ಬ್ಯಾಡಗಿಯವರಿಗೆ ಹೇಳಿಕೊಡಬೇಕಿಲ್ಲ.

ರೋಗದ ಸುಳಿವು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವುದುಂಟು. ಕಿವಿಯಿಂದ ಕಮಟು ವಾಸನೆ, ಕಂದು ಬಣ್ಣದ ಜಿಡ್ಡು, ತಲೆ ಒಂದು ಕಡೆ ವಾಲುವುದು. ಕಾಫಿಪುಡಿಯಂಥ ಕಪ್ಪು ಹರಳು ಕಂಡರೆ ಕಿವಿನುಸಿಯ ಗುಮಾನಿ, ಮರಿಗಳಲ್ಲಂತೂ ಇದು ಮಾಮೂಲು. ಹಳದಿ ಕೀವು ಬಂದರೆ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಹೆಚ್ಚು. ಪಟಪಟನೆ ಕಿವಿ ಬಡಿದೂ ಬಡಿದೂ ರಕ್ತನಾಳ ಒಡೆದು, ಕಿವಿಯ ಹಾಳೆ ಪೂರಿಯಂತೆ ಉಬ್ಬುವುದೂ ಇದೆ.

ಕಿವಿನಾಳವೆಂದರೆ ಒಳಕ್ಕೆ ಮಡಚಿಕೊಂಡ ಚರ್ಮವೇ. ಹಾಗಾಗಿ ಮತ್ತೆ ಮತ್ತೆ ಕಿವಿ ಸೋರುವ ನಾಯಿಗೆ ಅನೇಕ ಸಲ ಮೂಲ ಕಾಯಿಲೆ ಅಲರ್ಜಿ. ಚಿಗಟದ ಜೊಲ್ಲು, ಪರಾಗ, ಮನೆಯ ದೂಳಿನ ನುಸಿ, ತಿನ್ನುವ ಆಹಾರ ಯಾವುದೂ ಕಾರಣವಾಗಬಹುದು. ನಾಯಿ ಪಾದ ನೆಕ್ಕುತ್ತದೆ, ಬಿಳಿ ಕೂದಲು ಜೊಲ್ಲಿಗೆ ಕೆಂಪಗಾಗುತ್ತದೆ. ಕೆರೆದಲ್ಲಿ ಸ್ಟ್ಯಾಫಿಲೊಕಾಕಸ್ ಹೊಕ್ಕು ಗುಳ್ಳೆ, ಹಕ್ಕಳೆ.

ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಸವರುವ ಹಳೇ ಚಾಳಿ ಈಗಲೂ ಪೂರ್ತಿ ಹೋಗಿಲ್ಲ. ಅದು ಔಷಧವಲ್ಲ, ವಿಷ. ನಾಯಿ ಮೈ ನೆಕ್ಕಿದಾಗ ಹೊಟ್ಟೆಗೇ ಇಳಿಯುತ್ತದೆ. ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಮುಲಾಮು ಇನ್ನೂ ಮೋಸದ್ದು: ತುರಿಕೆ ಅಡಗುತ್ತದೆ, ಒಳಗಿನ ನುಸಿಗೆ ಹಬ್ಬ. ಕಿವಿಗೆ ಕಂಡ ಹನಿಯನ್ನೆಲ್ಲ ಹಾಕುವಂತೆಯೂ ಇಲ್ಲ. ತಮಟೆ ತೂತಾಗಿದ್ದರೆ ಕೆಲವು ಔಷಧಗಳು ಕಿವುಡು ತರುತ್ತವೆ. ಪಶುವೈದ್ಯರು ಮೊದಲು ಒಳಗೆ ಇಣುಕಿ, ಜಿಡ್ಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದಕ್ಕೇ.

ಮನೆಯಲ್ಲಿ ಮಾಡುವುದು ಇಷ್ಟೇ. ಸ್ನಾನವೋ ಈಜೋ ಆದಮೇಲೆ ಕಿವಿ ಮಡಚಿ, ಕಣ್ಣಿಗೆ ಕಾಣುವಷ್ಟು ಭಾಗವನ್ನು ಒಣ ಹತ್ತಿಯಿಂದ ಒರೆಸಬೇಕು. ಇಯರ್‌ಬಡ್ ಕೊಳೆಯನ್ನು ಒಳಕ್ಕೇ ತಳ್ಳುತ್ತದೆ. ಹಾಗೇ ಮೈಯಲ್ಲಿ ರಕ್ತ ಹೀರುವ ಉಣ್ಣೆ ಇದೆಯೇ ಎಂದೂ ನೋಡಬೇಕು: ಮುಧೋಳ ನಾಯಿಯ ಗಿಡ್ಡ ಕೂದಲಲ್ಲಿ ಅದು ತಾನಾಗಿ ಕಾಣುತ್ತದೆ, ಪೊಮೆರೇನಿಯನ್‌ನಲ್ಲಿ ಬೆರಳಾಡಿಸಿ ಹುಡುಕಬೇಕು. ಇಷ್ಟರ ಮೇಲೂ ನಾಯಿ ಕೆರೆಯುತ್ತಿದ್ದು, ಎತ್ತಾಡಿಸಿದವರ ಮುಂಗೈಯಲ್ಲೂ ಕೆಂಪು ಗುಳ್ಳೆ ಎದ್ದರೆ ಅದು ಸಾರ್ಕಾಪ್ಟಿಸ್ ನುಸಿಯ ಕಜ್ಜಿ ಇರಬಹುದು. ಆಗ ನಾಯಿಯ ಜೊತೆ ಮನೆಯವರೂ ವೈದ್ಯರನ್ನು ಕಾಣಬೇಕಾಗುತ್ತದೆ.